ನಿಂತು ಓಡಿಸುವ ದೋಣಿಯೋ, ಕೂತು ಸಾಗುವ ದೋಣಿಯೋ

ಫ್ಲಾರಿಡಾದ ಟ್ಯಾಂಪಾದಲ್ಲಿ ನೆಲೆಸಿ ಒಂಬತ್ತು ವರ್ಷವಾಯಿತು. ಮಲ್ಪೆ ಕಡೆಯಲ್ಲಿ ಹುಟ್ಟಿ ಬೆಳೆದವನಿಗೆ ಮನೆಯಿಂದ ಇಪ್ಪತ್ತು ನಿಮಿಷದಲ್ಲಿ ಉಪ್ಪುನೀರು ಸಿಕ್ಕರೆ ದೋಣಿಯ ಆಸೆ ಹುಟ್ಟದೆ ಇರುವುದಿಲ್ಲ. ಆದರೆ ಇಲ್ಲಿ ಹೊಸ ದೋಣಿಯೆಂದರೆ ಕಾರಿಗಿಂತ ದೊಡ್ಡ ಖರ್ಚು. ಹಾಗಾಗಿ ಕೊಳ್ಳುವ ಮೊದಲು ಒಂದು ವರ್ಷ ಬಾಡಿಗೆ ದೋಣಿಗಳನ್ನೇ ಓಡಿಸಿ ನೋಡಿದೆ: 22 ಅಡಿಯ ಸೆಂಟರ್ ಕನ್ಸೋಲ್, ಅಷ್ಟೇ ಉದ್ದದ ಡ್ಯುಯಲ್ ಕನ್ಸೋಲ್, ಮತ್ತೆ ಒಂದು ಪಾಂಟೂನ್. ಒಟ್ಟು ಹತ್ತೊಂಬತ್ತು ಸಲ ನೀರಿಗಿಳಿದೆವು. ಯಾರು ಬಂದಿದ್ದರು, ಎಲ್ಲಿಗೆ ಹೋದೆವು, ಗಾಳಿ ಹೇಗಿತ್ತು ಎಂದು ಪ್ರತಿ ಸಲವೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಸೆಂಟರ್ ಕನ್ಸೋಲಿನಲ್ಲಿ ಸ್ಟೀರಿಂಗ್, ಮೀಟರು, ಥ್ರಾಟಲ್ ಎಲ್ಲವೂ ನಟ್ಟನಡುವೆ ಒಂದು ಕಪಾಟಿನಂಥ ಕಟ್ಟಿನ ಮೇಲಿರುತ್ತವೆ. ಅದರ ಸುತ್ತ ಪ್ರದಕ್ಷಿಣೆ ಬರುವಷ್ಟು ದಾರಿ, ಉಳಿದದ್ದೆಲ್ಲ ಬಯಲು. ಡ್ಯುಯಲ್ ಕನ್ಸೋಲಿನಲ್ಲಿ ಆ ಕಟ್ಟು ಎಡಕ್ಕೊಂದು, ಬಲಕ್ಕೊಂದು. ಎರಡರ ಮುಂದೂ ಗಾಜು, ನಡುವೆ ಮುಂಭಾಗಕ್ಕೆ ಹೋಗುವ ಓಣಿ. ಪಾಂಟೂನ್ ಅಂದರೆ ಅಲ್ಯೂಮಿನಿಯಂ ಕೊಳವೆಗಳ ಮೇಲೆ ಜಗಲಿ ಇಟ್ಟ ಹಾಗೆ.

ನನಗೆ ಸೆಂಟರ್ ಕನ್ಸೋಲಿನ ಹುಚ್ಚು ಹಿಡಿಸಿದ್ದು ಏಪ್ರಿಲ್‌ನ ಒಂದು ಬೆಳಗು. ಟ್ಯಾಂಪಾ ಕೊಲ್ಲಿಯ ಬಾಯಲ್ಲಿ ಎಗ್ಮಾಂಟ್ ಕೀ ಎಂಬ ದ್ವೀಪವಿದೆ. 1858ರ ದೀಪಸ್ತಂಭ ಇನ್ನೂ ನಿಂತಿದೆ, ದೋಣಿಯಲ್ಲಲ್ಲದೆ ಅಲ್ಲಿಗೆ ಹೋಗುವ ದಾರಿಯಿಲ್ಲ. ಅದರ ಪಕ್ಕದಲ್ಲಿ ಸ್ಪ್ಯಾನಿಶ್ ಮ್ಯಾಕೆರೆಲ್ ಹಿಡಿಯುತ್ತಿದ್ದೆವು. ಮ್ಯಾಕೆರೆಲ್ ಎಂದ ಮಾತ್ರಕ್ಕೆ ಬಂಗುಡೆ ಎಂದುಕೊಳ್ಳಬೇಡಿ. ಇದು ನಮ್ಮ ಅಂಜಲ್‌ನ ಕುಲದ್ದು, ಮೈ ಪಕ್ಕದಲ್ಲಿ ಹಳದಿ ಚುಕ್ಕೆಗಳು. ಗಾಳ ಕಚ್ಚಿದ್ದೇ ತಡ, ಮೀನು ಎಡಗಡೆಯಿಂದ ಮುಂದಕ್ಕೆ ಓಡಿತು, ದೋಣಿಯ ಮೂತಿ ದಾಟಿ ಬಲಕ್ಕೆ ತಿರುಗಿತು. ನಾನೂ ಕೋಲು ಎತ್ತಿ ಹಿಡಿದು, ತೊಡೆಯನ್ನು ದೋಣಿಯ ಅಂಚಿಗೆ ಒತ್ತಿಕೊಂಡೇ ಅದರ ಹಿಂದೆ ಒಂದು ಸುತ್ತು ಬಂದೆ. ದಾರ ಎಲ್ಲಿಯೂ ತಾಗಲಿಲ್ಲ. ಮುಂದಿನ ತಿಂಗಳು ಅದೇ ಜಾಗಕ್ಕೆ ಡ್ಯುಯಲ್ ಕನ್ಸೋಲ್ ಒಯ್ದಾಗ ಮೀನು ಅದೇ ಆಟ ಆಡಿತು. ಹಿಂದಿನಿಂದ ಮುಂದಕ್ಕೆ ಬರಲು ನಡುವಿನ ಓಣಿಯೊಂದೇ ದಾರಿ. ಅಲ್ಲಿಗೆ ಬರುವಷ್ಟರಲ್ಲಿ ದಾರ ಗಾಜಿನ ಚೌಕಟ್ಟಿನ ಮೂಲೆಗೆ ಉಜ್ಜಿ ಟಪ್ಪೆಂದು ತುಂಡಾಯಿತು. ಮೀನಿಗಾಗಿಯೇ ದೋಣಿ ಎನ್ನುವವರು ಮುಂದೆ ಓದಬೇಕಾಗಿಲ್ಲ, ಸೆಂಟರ್ ಕನ್ಸೋಲೇ ಕೊಳ್ಳಿ.

ನಮ್ಮ ಕಥೆ ಬದಲಾದದ್ದು ಡಿಸೆಂಬರಿನಲ್ಲಿ, ಅಮ್ಮ ಊರಿಂದ ಬಂದಾಗ. ಸನ್‌ಶೈನ್ ಸ್ಕೈವೇ ಸೇತುವೆಯ ಕೆಳಗೆ ಡಾಲ್ಫಿನ್ ತೋರಿಸಿಕೊಂಡು ಬರೋಣ ಎಂದು ಸೆಂಟರ್ ಕನ್ಸೋಲ್ ತೆಗೆದುಕೊಂಡೆ. ಹೋಗುವಾಗ ಎಲ್ಲ ಚೆನ್ನಾಗಿತ್ತು. ವಾಪಸು ಸೇಂಟ್ ಪೀಟರ್ಸ್‌ಬರ್ಗ್ ಕಡೆಗೆ ತಿರುಗಿದಾಗ ಬಡಗಣ ಗಾಳಿ ಎದ್ದಿತ್ತು. ಟ್ಯಾಂಪಾ ಕೊಲ್ಲಿಯ ಸರಾಸರಿ ಆಳ 12 ಅಡಿಯಷ್ಟೇ. ಇಷ್ಟು ಕಡಿಮೆ ನೀರಿನ ಮೇಲೆ ಗಾಳಿ ಉದ್ದಕ್ಕೆ ಬೀಸಿದರೆ ಏಳುವ ತೆರೆಗಳು ಎತ್ತರವಲ್ಲ, ಆದರೆ ಒಂದರ ಬೆನ್ನಿಗೊಂದು ಒತ್ತೊತ್ತಾಗಿ ಬರುತ್ತವೆ. ಕನ್ಸೋಲಿನ ಎದುರಿನ ಸೀಟಿನಲ್ಲಿ ಅಮ್ಮ, ಪಕ್ಕದಲ್ಲಿ ಐದು ವರ್ಷದ ಮಗಳು. ಪ್ರತಿ ತೆರೆಗೂ ಒಂದು ಬೊಗಸೆ ತಣ್ಣೀರು ನೇರ ಮುಖಕ್ಕೆ. ನಾನು ಹಿಂದೆ ಸ್ಟೀರಿಂಗ್ ಹಿಡಿದು, ಮೊಣಕಾಲು ಸಡಿಲ ಬಿಟ್ಟು ನಿಂತಿದ್ದೆ. ಕುಲುಕಾಟ ನನಗೆ ಗೊತ್ತೇ ಆಗಲಿಲ್ಲ. ದಡ ಸೇರಿದಾಗ ಅಮ್ಮನ ಸೀರೆಯ ಸೆರಗು ಹಿಂಡಿದರೆ ನೀರು ಇಳಿಯುತ್ತಿತ್ತು, ಕಂಬಿ ಹಿಡಿದ ಅಂಗೈ ಕೆಂಪಾಗಿತ್ತು. "ಕೂತದ್ದಕ್ಕಿಂತ ಹಿಡ್ಕೊಂಡದ್ದೇ ಜಾಸ್ತಿ ಮಾರಾಯ" ಎಂದರು, ಅಷ್ಟೇ. ಆ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಮರುವಾರ ಡ್ಯುಯಲ್ ಕನ್ಸೋಲಿನಲ್ಲಿ ಅದೇ ದಾರಿ, ಹೆಚ್ಚುಕಡಿಮೆ ಅದೇ ಗಾಳಿ. ಅಮ್ಮ ಗಾಜಿನ ಹಿಂದೆ ಬೆನ್ನು ಆನಿಸಿ ಕೂತು, ಮೊಮ್ಮಗಳಿಗೆ ಕಿತ್ತಳೆ ಸುಲಿದುಕೊಟ್ಟರು. ಎರಡೂ ದೋಣಿಗಳ ತಳ ಸುಮಾರು ಒಂದೇ ಬಗೆಯದು, ತೆರೆ ಸೀಳುವ 'ವಿ' ಆಕಾರ. ಬೇರೆ ಇದ್ದದ್ದು ಕೂರುವ ಜಾಗ.

ಈ 'ವಿ' ತಳದ ಬಗ್ಗೆ ಒಂದು ಮಾತು ಹೇಳಲೇಬೇಕು. 1960ರ ಮಿಯಾಮಿ–ನಸ್ಸೌ ರೇಸಿನಲ್ಲಿ ರೇ ಹಂಟ್ ವಿನ್ಯಾಸದ ಆಳವಾದ 'ವಿ' ತಳದ ದೋಣಿ ಒರಟು ಸಮುದ್ರದಲ್ಲಿ ಗೆದ್ದ ಮೇಲೆ ಇದು ಹರಡಿತು. ಓಡುವಾಗ ಪೆಟ್ಟು ಮೆತ್ತಗಾಗುತ್ತದೆ, ನಿಜ. ಆದರೆ ಲಂಗರು ಹಾಕಿ ನಿಂತಾಗ ತಳ ಆಳವಾದಷ್ಟೂ ದೋಣಿ ಅತ್ತಿತ್ತ ಹೊರಳುವುದು ಹೆಚ್ಚು. ನನ್ನ ಹೆಂಡತಿಗೆ ಹೊಟ್ಟೆ ತೊಳಸಿದ್ದೆಲ್ಲ ಓಡುವಾಗಲ್ಲ, ನಿಂತಾಗ. ಶೋರೂಮಿನಲ್ಲಿ ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಪಾಂಟೂನ್ ಆ ವಿಷಯದಲ್ಲಿ ಬಂಡೆಯಷ್ಟು ಸ್ಥಿರ. ಹಿಲ್ಸ್‌ಬರೋ ನದಿಯಲ್ಲಿ ಹತ್ತು ಮಂದಿ ಚಿತ್ರಾನ್ನ, ಮೊಸರನ್ನ ಹಂಚಿಕೊಂಡು ತಿನ್ನಲು ಅದಕ್ಕಿಂತ ಒಳ್ಳೆಯದಿಲ್ಲ. ತೆರೆದ ಕೊಲ್ಲಿಗೆ ಹೋದಾಗ ಮಾತ್ರ ಮುಂತುದಿ ತೆರೆಯೊಳಗೆ ಮುಳುಗಿ ಜಗಲಿಯ ಮೇಲೆ ನೀರು ಹರಿಯಿತು. ಅದನ್ನು ಅಲ್ಲಿಗೇ ಕೈಬಿಟ್ಟೆ.

ಮಕ್ಕಳಿರುವವರು ಇನ್ನೊಂದು ನೋಡಿಕೊಳ್ಳಿ. ಫ್ಲಾರಿಡಾದಲ್ಲಿ 26 ಅಡಿಗಿಂತ ಚಿಕ್ಕ ದೋಣಿ ಸಾಗುವಾಗ ಆರು ವರ್ಷದೊಳಗಿನ ಮಕ್ಕಳಿಗೆ ಲೈಫ್ ಜಾಕೆಟ್ ಕಡ್ಡಾಯ. ಜಾಕೆಟ್ ಹಾಕಿದರೂ ಸೆಂಟರ್ ಕನ್ಸೋಲಿನಲ್ಲಿ ಮಗು ಎದುರಿಗಿದ್ದರೆ ಕಟ್ಟು ಅಡ್ಡ ಬಂದು ನಿಮಗೆ ಅದರ ತಲೆ ಮಾತ್ರ ಕಾಣುತ್ತದೆ. ಡ್ಯುಯಲ್ ಕನ್ಸೋಲಿನಲ್ಲಿ ಕೈಚಾಚಿದರೆ ಸಿಗುವಷ್ಟು ಪಕ್ಕದಲ್ಲೇ ಕೂರಿಸಿಕೊಳ್ಳಬಹುದು. ಇಷ್ಟು ಚಿಕ್ಕ ದೋಣಿ ವೇಗವಾಗಿ ಓಡುವಾಗ ಚಾಲಕ ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಕೊಂಡಿಯನ್ನು ಆತ ಮೈಗೆ ಸಿಕ್ಕಿಸಿಕೊಂಡಿರಬೇಕೆಂದು 2021ರ ಏಪ್ರಿಲ್‌ನಿಂದ ಕಾನೂನೂ ಇದೆ. ಕಾನೂನು ಇಲ್ಲದಿದ್ದರೂ ನಾನು ಸಿಕ್ಕಿಸಿಕೊಳ್ಳುತ್ತಿದ್ದೆ.

ತೊಳೆಯುವುದರಲ್ಲಿ ಸೆಂಟರ್ ಕನ್ಸೋಲ್ ಗೆಲ್ಲುತ್ತದೆ. ಮೀನಿನ ರಕ್ತ, ಪೊರೆ ಎಲ್ಲವೂ ಪೈಪ್ ಹಿಡಿದರೆ ಹಿಂದಿನ ತೂತುಗಳಿಂದ ಹರಿದುಹೋಗುತ್ತದೆ. ಡ್ಯುಯಲ್ ಕನ್ಸೋಲಿನಲ್ಲಿ ಕುಶನ್ನು ಎತ್ತಿ ಎತ್ತಿ ಒರೆಸಬೇಕು, ಗಾಜಿನ ಮೇಲಿನ ಉಪ್ಪು ಬೇರೆ. ಪೆಟ್ರೋಲಿನಲ್ಲಿ ನನಗೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡಕ್ಕೂ 200 ಎಚ್‌ಪಿ ಎಂಜಿನ್ನೇ ಇತ್ತು.

ವರ್ಷದ ಕೊನೆಗೆ ನೋಟ್‌ಬುಕ್ ತೆರೆದು ಎಣಿಸಿದೆ. ಹತ್ತೊಂಬತ್ತರಲ್ಲಿ ಮೀನಿಗೆಂದು ಹೋದದ್ದು ಐದು ಸಲ. ಉಳಿದ ಹದಿನಾಲ್ಕರಲ್ಲೂ ಹೆಂಡತಿ, ಮಗಳು, ಬಂದ ನೆಂಟರು ಇದ್ದರು, ನಿಂತಿದ್ದವನು ನಾನೊಬ್ಬನೇ. ಎಣಿಕೆ ಐದರ ಬದಲು ಹನ್ನೆರಡಾಗಿದ್ದರೆ ಸೆಂಟರ್ ಕನ್ಸೋಲಿಗೇ ಮುಂಗಡ ಕೊಟ್ಟಿರುತ್ತಿದ್ದೆ. ಫೆಬ್ರವರಿಯಲ್ಲಿ ಸೆಕೆಂಡ್ ಹ್ಯಾಂಡ್ ಡ್ಯುಯಲ್ ಕನ್ಸೋಲ್ ಒಂದನ್ನು ಮನೆಗೆ ತಂದೆವು. ಮ್ಯಾಕೆರೆಲ್ ಬರುವ ದಿನಗಳಲ್ಲಿ ಒಬ್ಬ ಗೆಳೆಯನ ಜೊತೆ ಸೆಂಟರ್ ಕನ್ಸೋಲ್ ಬಾಡಿಗೆಗೆ ತೆಗೆದುಕೊಳ್ಳುತ್ತೇನೆ. ಬರುವ ಡಿಸೆಂಬರಿಗೆ ಅಮ್ಮನ ಟಿಕೆಟ್ ಬುಕ್ ಆಗಿದೆ. ಎಡಗಡೆಯ ಗಾಜಿನ ಹಿಂದಿನ ಸೀಟು ಅವರದು.