ಒಂದು ತುತ್ತಿನಿಂದ ಬದಲಾದ ಮೈ: ‘ರಾ’ ಚಿತ್ರವಿಮರ್ಶೆ

ಫ್ರೆಂಚ್ ನಿರ್ದೇಶಕಿ ಜೂಲಿಯಾ ಡುಕೂರ್ನೊ ಅವರ ‘ರಾ’ ಚಿತ್ರದ ಬಗ್ಗೆ ಮಾತು ಬಂದಾಗಲೆಲ್ಲ, 2016ರ ಟೊರಾಂಟೊ ಚಿತ್ರೋತ್ಸವದಲ್ಲಿ ಅದನ್ನು ನೋಡುತ್ತಿದ್ದವರಲ್ಲಿ ಕೆಲವರು ಮೂರ್ಛೆ ಹೋದರೆಂಬ ಸುದ್ದಿಯೇ ಮುಂದೆ ಬರುತ್ತದೆ. ಇದರಿಂದ ಚಿತ್ರಕ್ಕೆ ಅನ್ಯಾಯವಾಗಿದೆ. ಅದೇ ವರ್ಷ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಕ್ರಿಟಿಕ್ಸ್ ವೀಕ್ ವಿಭಾಗದಲ್ಲಿ ಮೊದಲ ಬಾರಿಗೆ ತೆರೆಕಂಡು ಅಂತರರಾಷ್ಟ್ರೀಯ ಚಿತ್ರವಿಮರ್ಶಕರ ಒಕ್ಕೂಟದ ಫಿಪ್ರೆಸ್ಕಿ ಪ್ರಶಸ್ತಿ ಪಡೆದ ಈ ಚಿತ್ರದಲ್ಲಿ ರಕ್ತಪಾತಕ್ಕಿಂತ ಹೆಚ್ಚಾಗಿ ಎದೆ ನಡುಗಿಸುವುದು, ಒಬ್ಬ ಹುಡುಗಿಯ ಹಸಿವು ಮೆಟ್ಟಿಲು ಮೆಟ್ಟಿಲಾಗಿ ನರಮಾಂಸದವರೆಗೆ ಏರುವ ರೀತಿ.

ಜಸ್ಟೀನ್ ಕಟ್ಟುನಿಟ್ಟಿನ ಸಸ್ಯಾಹಾರಿ ಕುಟುಂಬದ ಹುಡುಗಿ. ಕ್ಯಾಂಟೀನಿನಲ್ಲಿ ಅವಳ ಆಲೂಗಡ್ಡೆಯೊಳಗೆ ಮಾಂಸದ ತುಣುಕೊಂದು ಸಿಕ್ಕಿದ್ದಕ್ಕೆ ತಾಯಿ ಕೆರಳಿ ಜಗಳಕ್ಕೆ ಹೋಗುವ ಆರಂಭದ ದೃಶ್ಯ, ಮಡಿ–ಮೈಲಿಗೆಯ ಮನೆಗಳನ್ನು ಬಲ್ಲ ನಮಗೆ ತೀರಾ ಪರಿಚಿತವಾದದ್ದು. ತಂದೆತಾಯಿ ಓದಿದ, ಅಕ್ಕ ಅಲೆಕ್ಸಿಯಾ ಈಗಾಗಲೇ ಓದುತ್ತಿರುವ ಪಶುವೈದ್ಯಕೀಯ ಕಾಲೇಜಿಗೇ ಜಸ್ಟೀನ್ ಸೇರುತ್ತಾಳೆ. ಮೊದಲ ರಾತ್ರಿಯಿಂದಲೇ ರ‍್ಯಾಗಿಂಗ್ ಶುರುವಾಗುತ್ತದೆ. ಹಿರಿಯ ವಿದ್ಯಾರ್ಥಿಗಳು ಹಾಸಿಗೆಗಳನ್ನು ಹೊರಗೆಸೆದು, ಕಿರಿಯರನ್ನು ಅಂಬೆಗಾಲಿನಲ್ಲಿ ನಡೆಸಿ, ಪ್ರಾಣಿರಕ್ತವನ್ನು ತಲೆಯ ಮೇಲೆ ಸುರಿದು, ಕೊನೆಗೆ ಮೊಲದ ಹಸಿ ಮೂತ್ರಪಿಂಡವನ್ನು ತಿನ್ನಲು ಹೇಳುತ್ತಾರೆ. ತಾನು ಸಸ್ಯಾಹಾರಿ ಎನ್ನುವ ಜಸ್ಟೀನಳ ಬಾಯಿಗೆ ಅದನ್ನು ತುರುಕುವವಳು ಅವಳ ಸ್ವಂತ ಅಕ್ಕ.

ಅಲ್ಲಿಂದಾಚೆಗೆ ಡುಕೂರ್ನೊ ತೋರುವ ಸಂಯಮ ಅಸಾಧಾರಣವಾದುದು. ಮೊದಲು ಮೈಮೇಲೆ ದದ್ದುಗಳು ಏಳುತ್ತವೆ. ಹೊದಿಕೆಯ ಕೆಳಗೆ ಜಸ್ಟೀನ್ ಕೆರೆದುಕೊಳ್ಳುವ ಪರಪರ ಸದ್ದು ನೋಡುವವರ ಚರ್ಮಕ್ಕೂ ತಾಗುತ್ತದೆ. ವೈದ್ಯೆ ಅವಳ ಮೈಯಿಂದ ಪೊರೆಯಂತೆ ಚರ್ಮ ಸುಲಿಯುವುದನ್ನು ಕ್ಯಾಮೆರಾ ಬಹಳ ಹತ್ತಿರದಿಂದ ನೋಡುತ್ತದೆ. ಬಳಿಕ ಕ್ಯಾಂಟೀನಿನಿಂದ ಒಂದು ತುಂಡು ಮಾಂಸ ಅವಳ ಬಿಳಿ ಕೋಟಿನ ಜೇಬು ಸೇರುತ್ತದೆ. ಮುಂದೆ ಬೇಯಿಸಿದ ಮಾಂಸ, ಅದಾದ ಮೇಲೆ ಫ್ರಿಜ್ಜಿನಲ್ಲಿದ್ದ ಹಸಿ ಕೋಳಿ. ಒಂದೊಂದು ಹೆಜ್ಜೆಯೂ ಹಿಂದಿನದಕ್ಕಿಂತ ತುಸುವೇ ಮುಂದಿರುವುದರಿಂದ, ಅಕ್ಕನ ತುಂಡಾದ ಬೆರಳು ತಂಗಿಯ ಕೈಗೆ ಸಿಗುವ ಹೊತ್ತಿಗೆ ಮುಂದೇನಾಗುವುದೆಂದು ನಮಗೆ ಮೊದಲೇ ಗೊತ್ತಿರುತ್ತದೆ. ಹಾಗೆ ಗೊತ್ತಿರುವುದೇ ಆ ದೃಶ್ಯವನ್ನು ಸಹಿಸಲಾಗದಂತೆ ಮಾಡುತ್ತದೆ. ಜಿಮ್ ವಿಲಿಯಮ್ಸ್ ಅವರ ಹಿನ್ನೆಲೆ ಸಂಗೀತ ಅಲ್ಲಿ ಸ್ಫೋಟಿಸುವ ಪರಿಯನ್ನು ಒಳ್ಳೆಯ ಧ್ವನಿವ್ಯವಸ್ಥೆಯಲ್ಲಿಯೇ ಕೇಳಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಇದಕ್ಕಿಂತ ಚಿಕ್ಕದಾದ ಇನ್ನೊಂದು ಸನ್ನಿವೇಶ. ತನ್ನದೇ ಕೂದಲನ್ನು ಜಗಿದು ನುಂಗಿದ್ದ ಜಸ್ಟೀನ್ ಶೌಚಾಲಯದಲ್ಲಿ ಅದನ್ನು ಎಳೆ ಎಳೆಯಾಗಿ ಕಕ್ಕುತ್ತಾಳೆ. ಹೊರಬಂದಾಗ ಅಲ್ಲಿದ್ದ ಹುಡುಗಿಯೊಬ್ಬಳು, ಎರಡು ಬೆರಳು ಹಾಕಿದರೆ ಬೇಗ ಬರುತ್ತದೆ ಎಂದು ಸಲಹೆ ಕೊಡುತ್ತಾಳೆ. ತೆಳ್ಳಗಾಗಲು ವಾಂತಿ ಮಾಡಿಕೊಳ್ಳುವುದು ಆ ಕಾಲೇಜಿನಲ್ಲಿ ದಿನನಿತ್ಯದ ಸಂಗತಿಯೆಂಬುದು ಅವಳ ನಿರಾಳ ದನಿಯಿಂದಲೇ ತಿಳಿಯುತ್ತದೆ. ಜಸ್ಟೀನಳ ಮೈ ಕೈತಪ್ಪಿ ಹೋಗುತ್ತಿರುವುದು ಯಾರ ಕಣ್ಣಿಗೂ ಬೀಳದಿರಲು ಕಾರಣ, ಹುಡುಗಿಯರ ಮೈಯನ್ನು ಸುತ್ತಲಿನವರು ಹಿಡಿದು, ಕತ್ತರಿಸಿ, ಬಣ್ಣ ಬಳಿದು ತಿದ್ದುವುದು ಅಲ್ಲಿ ಮೊದಲೇ ಸಹಜವಾಗಿಬಿಟ್ಟಿರುವುದು. ಫ್ರಾನ್ಸಿನಲ್ಲಿ ರ‍್ಯಾಗಿಂಗ್ 1998ರಿಂದಲೇ ಶಿಕ್ಷಾರ್ಹ ಅಪರಾಧ. ಆದರೂ ಚಿತ್ರದ ಅಧ್ಯಾಪಕರಲ್ಲಿ ಒಬ್ಬರೂ ಅದನ್ನು ತಡೆಯುವುದಿಲ್ಲ. ನಮ್ಮ ಹಾಸ್ಟೆಲುಗಳನ್ನು ಕಂಡವರಿಗೆ ಈ ಮೌನದ ಬಗ್ಗೆ ವಿವರಣೆ ಬೇಕಾಗದು.

ಜಸ್ಟೀನಳ ಪಾತ್ರ ಮಾಡಿರುವ ಗರಾನ್ಸ್ ಮಾರಿಲಿಯೆ ಅವರ ಅಭಿನಯವಿಲ್ಲದೆ ಈ ಚಿತ್ರ ನಿಲ್ಲುತ್ತಿರಲಿಲ್ಲ. ಆರಂಭದಲ್ಲಿ ಭುಜ ಕುಗ್ಗಿಸಿ, ತಲೆ ತಗ್ಗಿಸಿ ನಡೆಯುವ ಅವರು ನಡುಭಾಗಕ್ಕೆ ಬರುವಷ್ಟರಲ್ಲಿ ತಲೆ ಬಾಗಿಸಿ ಹುಬ್ಬಿನ ಕೆಳಗಿನಿಂದ ನೋಡುತ್ತಾರೆ; ಆ ನೋಟ ಬೇಟೆಯಾಡುವ ಪ್ರಾಣಿಯದ್ದು. ಅಲೆಕ್ಸಿಯಾಳ ಪಾತ್ರದಲ್ಲಿ ಎಲಾ ರುಂಫ್, ಮಾರಿಲಿಯೆ ಅವರಿಗೆ ಸರಿಸಮನಾಗಿ ನಿಂತಿದ್ದಾರೆ. ಒಬ್ಬರನ್ನೊಬ್ಬರು ಅಕ್ಷರಶಃ ಕಚ್ಚುವಾಗಲೂ ಈ ಇಬ್ಬರ ನಡುವೆ ಅಕ್ಕತಂಗಿಯರ ಮಮತೆ ಉಳಿದಿರುವುದನ್ನು ನಂಬುವಂತೆ ಮಾಡಿರುವುದು ದೊಡ್ಡ ಸಾಧನೆ.

ಕೊರತೆಗಳೂ ಇವೆ. ರೂಮ್‌ಮೇಟ್ ಆದ್ರಿಯೆನ್‌ನ ಪಾತ್ರಕ್ಕೆ ತನ್ನದೇ ಆದ ಬದುಕು ಸಾಕಷ್ಟು ಸಿಕ್ಕಿಲ್ಲ. ಕೊನೆಗೆ ಅವನು ಕಥೆಯ ಅಗತ್ಯಕ್ಕೆ ಬಲಿಯಾದಂತೆ ತೋರುತ್ತದೆ. ಅಂತಿಮ ದೃಶ್ಯ ಎಲ್ಲದಕ್ಕೂ ಒಂದು ಕಾರಣವನ್ನು ಒದಗಿಸುತ್ತದೆ. ಆ ದೃಶ್ಯದ ಪ್ರಭಾವವನ್ನು ಅಲ್ಲಗಳೆಯಲಾರೆ, ಆದರೆ ಕಾರಣ ತಿಳಿಯದಿದ್ದಾಗ ಜಸ್ಟೀನಳ ಹಸಿವಿಗಿದ್ದ ಗಹನತೆ ಅದರಿಂದ ಕೊಂಚ ಕಡಿಮೆಯಾಗುತ್ತದೆ.

ಚಿತ್ರದ ಅವಧಿ 99 ನಿಮಿಷ. ನರಮಾಂಸ ಭಕ್ಷಣೆಯ ಜೊತೆಗೆ ಪ್ರಾಣಿಗಳ ಶಸ್ತ್ರಚಿಕಿತ್ಸೆ ಮತ್ತು ಲೈಂಗಿಕ ದೃಶ್ಯಗಳೂ ಇರುವುದರಿಂದ ಇದು ವಯಸ್ಕರಿಗೆ ಮಾತ್ರ ಸಲ್ಲುವ ಚಿತ್ರ. ದೆವ್ವದ ಸಿನಿಮಾದಂತೆ ಬೆಚ್ಚಿಬೀಳಿಸುವ ಕ್ಷಣಗಳನ್ನು ಬಯಸುವವರಿಗೆ ನಿರಾಸೆಯಾದೀತು. 2021ರಲ್ಲಿ ಕಾನ್‌ನ ಅತ್ಯುನ್ನತ ಪ್ರಶಸ್ತಿ ಪಡೆದ ‘ಟಿಟಾನ್’ ಮೂಲಕ ಡುಕೂರ್ನೊ ಅವರನ್ನು ಬಲ್ಲವರಂತೂ ಈ ಚಿತ್ರವನ್ನು ಅಗತ್ಯವಾಗಿ ನೋಡಬೇಕು. ಇವೆರಡರಲ್ಲಿ ನನ್ನ ಆಯ್ಕೆ ‘ರಾ’.