ಮಾಳವೀಯ ಮಿಷನ್ ತರಬೇತಿ: ಬಡ್ತಿಗೆ ಸಾಕು, ಕುರ್ಚಿಗೆ ಸಾಲದು

ಪದವಿ ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ಮೇಷ್ಟ್ರು ‘ಓರಿಯೆಂಟೇಶನ್‌ಗೆ ಹೋಗಿದ್ದಾರೆ’ ಎಂದರೆ ಈಗ ಬಹುಮಟ್ಟಿಗೆ ಅರ್ಥ ಒಂದೇ: ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರ. 1986ರ ಶಿಕ್ಷಣ ನೀತಿಯ ಬೆನ್ನಿಗೆ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳಾಗಿ ಶುರುವಾದ ಇವು 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು; 2023ರ ಸೆಪ್ಟೆಂಬರ್ 5ರಿಂದ ಈಗಿನ ಹೆಸರು. ಹಿರಿಯರು ಇಂದಿಗೂ ‘ಎಎಸ್‌ಸಿ’ ಅಂತಲೇ ಕರೆಯುತ್ತಾರೆ. ದೇಶದಲ್ಲಿ ಇಂಥ 111 ಕೇಂದ್ರಗಳೆಂದು ಆಗ ಪ್ರಕಟವಾಯಿತು. ನಮ್ಮಲ್ಲಿ ಮೈಸೂರು ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳ ಕೇಂದ್ರಗಳು ಹಳೆಯವು. ಬೋರ್ಡು ಎರಡು ಸಲ ಬದಲಾದರೂ ಒಳಗಿನ ಸರಕು ಅಷ್ಟೇನೂ ಬದಲಾಗಿಲ್ಲ. ಹಾಗಾಗಿ ಈ ವಿಮರ್ಶೆ ಯಾವುದೋ ಒಂದು ಕೇಂದ್ರದ್ದಲ್ಲ, ಒಟ್ಟು ವ್ಯವಸ್ಥೆಯದು.

ಮೊದಲು ಇದರಲ್ಲಿ ನಿಜಕ್ಕೂ ಚೆನ್ನಾಗಿರುವುದನ್ನು ನೋಡೋಣ. ಹೊಸದಾಗಿ ಸೇರಿದ ಸಹಾಯಕ ಪ್ರಾಧ್ಯಾಪಕರಿಗಾಗಿ ಇರುವ ನಾಲ್ಕು ವಾರಗಳ ‘ಗುರುದಕ್ಷತಾ’ ಇಂಡಕ್ಷನ್ ಕಾರ್ಯಕ್ರಮ ಇಡೀ ಪಟ್ಟಿಯಲ್ಲಿ ಗಟ್ಟಿಯಾದದ್ದು. ಹೈಸ್ಕೂಲಿನ ಮೇಷ್ಟ್ರಿಗೆ ಬಿ.ಎಡ್. ಕಡ್ಡಾಯ, ಕಾಲೇಜಿನ ಮೇಷ್ಟ್ರು ನೆಟ್, ಸ್ಲೆಟ್ ಎಂಬ ಅರ್ಹತಾ ಪರೀಕ್ಷೆ ಅಥವಾ ಪಿಎಚ್‌.ಡಿ. ಮುಗಿಸಿ ನೇರವಾಗಿ ಎಂಬತ್ತು ಹುಡುಗರ ಮುಂದೆ ನಿಲ್ಲುತ್ತಾರೆ. ಪಾಠ ಹೇಳುವುದು ಹೇಗೆ ಎಂದು ಅವರಿಗೆ ಯಾರಾದರೂ ವ್ಯವಸ್ಥಿತವಾಗಿ ಕಲಿಸುವುದಿದ್ದರೆ ಅದು ಈ ನಾಲ್ಕು ವಾರದಲ್ಲೇ.

ಅದರ ತಿರುಳು ಮೈಕ್ರೋ ಟೀಚಿಂಗ್. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಮಾದರಿಯ ಲೆಕ್ಕ ಹೀಗಿದೆ: ಪಾಠ 6 ನಿಮಿಷ, ಪ್ರತಿಕ್ರಿಯೆ 6, ತಿದ್ದಿ ಯೋಜಿಸಲು 12, ಮತ್ತೆ ಪಾಠ 6, ಮತ್ತೆ ಪ್ರತಿಕ್ರಿಯೆ 6. ಒಟ್ಟು 36 ನಿಮಿಷ. ಒಂದು ಸಲಕ್ಕೆ ಒಂದೇ ಕೌಶಲ: ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು ಅಥವಾ ಬೋರ್ಡು ಬಳಸುವುದು. ಲಾಭವೆಲ್ಲ ಇರುವುದು ಎರಡನೇ ಪಾಠದಲ್ಲಿ. ಮೊದಲ ಸಲ ತಪ್ಪು ಗೊತ್ತಾಗುತ್ತದೆ, ಎರಡನೇ ಸಲ ಅದು ಕೈಯಿಂದ ಹೋಗುತ್ತದೆ. ಆದರೆ ಕತ್ತರಿ ಬೀಳುವುದೂ ಅಲ್ಲಿಗೇ. ತಂಡದಲ್ಲಿ 40 ಮಂದಿ ಇದ್ದರೆ ತಲಾ 36 ನಿಮಿಷದಂತೆ 24 ಗಂಟೆ ಬೇಕು. ದಿನಕ್ಕೆ ಆರು ಗಂಟೆಯಂತೆ ನಾಲ್ಕು ಪೂರ್ತಿ ದಿನ. ಅಷ್ಟು ದಿನ ಕೊಡಲು ಮನಸ್ಸಿಲ್ಲದ ಸಂಯೋಜಕರು ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿ, ತಲಾ ಐದು ನಿಮಿಷ ಮಾತಾಡಿಸಿ, ಚಪ್ಪಾಳೆ ತಟ್ಟಿ ಮುಗಿಸುತ್ತಾರೆ. ಪರಿಹಾರ ಕಷ್ಟದ್ದೇನಲ್ಲ. ಹತ್ತು ಹತ್ತು ಮಂದಿಯ ನಾಲ್ಕು ಗುಂಪು ಮಾಡಿ ನಾಲ್ಕು ಕೊಠಡಿಗಳಲ್ಲಿ ಒಟ್ಟಿಗೆ ನಡೆಸಿದರೆ ಆರು ಗಂಟೆಯಲ್ಲಿ, ಅಂದರೆ ಒಂದೇ ದಿನದಲ್ಲಿ ಎಲ್ಲರದೂ ಎರಡೆರಡು ಸಲ ಆಗುತ್ತದೆ. ಕೇಂದ್ರ ಆರಿಸುವಾಗ ವೇಳಾಪಟ್ಟಿ ತರಿಸಿಕೊಂಡು ಇದೊಂದನ್ನು ಹುಡುಕಿ. ‘ಮೈಕ್ರೋ ಟೀಚಿಂಗ್’ ಎಂದು ಕೊನೆಯ ದಿನದ ಮಧ್ಯಾಹ್ನ ಒಂದೇ ಅವಧಿ ಹಾಕಿದ್ದರೆ ಅದು ಶಾಸ್ತ್ರಕ್ಕೆ.

ಮೌಲ್ಯಮಾಪನದ ಅವಧಿಗಳೂ ಒಳ್ಳೆಯ ಸಂಪನ್ಮೂಲ ವ್ಯಕ್ತಿ ಸಿಕ್ಕರೆ ಕೆಲಸಕ್ಕೆ ಬರುತ್ತವೆ. ಹಳೆಯ ಪ್ರಶ್ನೆಪತ್ರಿಕೆ ತಂದು, ಯಾವ ಪ್ರಶ್ನೆ ಬರೀ ನೆನಪನ್ನು ಕೇಳುತ್ತದೆ, ಯಾವುದು ಅನ್ವಯವನ್ನು ಕೇಳುತ್ತದೆ ಎಂದು ಅಂಕಸಹಿತ ಗುರುತು ಹಾಕಿಸುವ ಅಭ್ಯಾಸ ಎರಡು ಗಂಟೆಯಲ್ಲಿ ಕಣ್ಣು ತೆರೆಸುತ್ತದೆ. ಕಲಿಕಾ ಫಲಿತಾಂಶಗಳ ಅವಧಿ ಹಾಗಲ್ಲ. ಕೋರ್ಸಿನ ಗುರಿಗೂ ಪದವಿಯ ಗುರಿಗೂ ನಂಟು ಗಟ್ಟಿಯಾಗಿದ್ದರೆ 3, ಸಾಧಾರಣವಾದರೆ 2, ತೆಳುವಾದರೆ 1 ಎಂದು ಕೋಷ್ಟಕ ತುಂಬುವುದನ್ನು ಹೇಳಿಕೊಡುತ್ತಾರೆ. ಆ 3 ಎಲ್ಲಿಂದ ಬಂತು, ಯಾವ ಪ್ರಶ್ನೆಯ ಅಂಕ ಅದಕ್ಕೆ ಆಧಾರ ಎಂಬುದನ್ನು ಹೇಳುವುದಿಲ್ಲ. ಹಾಗೆ ಕಲಿತು ಬಂದವರು ಕೋಷ್ಟಕವನ್ನು ಕಣ್ಣಂದಾಜಿನಲ್ಲೇ ತುಂಬುತ್ತಾರೆ.

ರಿಫ್ರೆಶರ್ ಕೋರ್ಸ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲವೂ ಸಂಯೋಜಕರ ವಿಷಯಜ್ಞಾನದ ಮೇಲೆ ನಿಂತಿದೆ. ಮನೆಯಿಂದಲೇ ಮುಗಿಸುವವರಿಗೆಂದು 2018ರಲ್ಲಿ ‘ಸ್ವಯಂ’ ಎಂಬ ಸರ್ಕಾರಿ ಕಲಿಕಾ ಜಾಲತಾಣದಲ್ಲಿ ‘ಅರ್ಪಿತ್’ ಬಂತು: 20 ಗಂಟೆ ವಿಡಿಯೊ, 20 ಗಂಟೆ ಓದು ಮತ್ತು ಚಟುವಟಿಕೆ, ಕೊನೆಗೆ ಪರೀಕ್ಷೆ. ತಾಂತ್ರಿಕ ಕಾಲೇಜಿನವರಿಗೆ ಆ ಕ್ಷೇತ್ರದ ನಿಯಂತ್ರಕ ಮಂಡಳಿ ಎಐಸಿಟಿಇಯ ಎಂಟು ಮಾಡ್ಯೂಲ್‌ಗಳ ಎನ್‌ಐಟಿಟಿಟಿ ಎಂಬ ಶಿಕ್ಷಕ ತರಬೇತಿ ಇದೆ. ಅದರ ಎಂಟನೆಯದು ಸಂಸ್ಥೆಯ ನಿರ್ವಹಣೆ ಮತ್ತು ಆಡಳಿತ ಕ್ರಮಗಳ ಕುರಿತದ್ದು. ಹೊಸಬರಿಗೂ ಆಡಳಿತ ಗೊತ್ತಿರಬೇಕು ಎಂದು ಪಠ್ಯದಲ್ಲೇ ಒಪ್ಪಿಕೊಂಡಿದ್ದಕ್ಕೆ ಅವರಿಗೊಂದು ಅಂಕ ಹೆಚ್ಚು.

ಸೋಲುವುದು ನಾಯಕತ್ವದ ಭಾಗದಲ್ಲಿ. 2020ರ ಶಿಕ್ಷಣ ನೀತಿಯ ಓರಿಯೆಂಟೇಶನ್ ಕಾರ್ಯಕ್ರಮದ ಎಂಟು ವಿಷಯಗಳಲ್ಲಿ ಶೈಕ್ಷಣಿಕ ನಾಯಕತ್ವ, ಆಡಳಿತ ಮತ್ತು ನಿರ್ವಹಣೆ ಒಂದು. ಅಲ್ಲಿ ಸಿಗುವುದು ಬಹುತೇಕ ದೃಷ್ಟಿಕೋನ, ಪರಿವರ್ತನೆ, ತಂಡಸ್ಫೂರ್ತಿ ಎಂಬ ಸ್ಲೈಡುಗಳು. ಸರದಿಯ ಮೇಲೆ ವಿಭಾಗದ ಅಧ್ಯಕ್ಷರಾದವರ ಮೇಜಿನ ಮೇಲೆ ಸೋಮವಾರ ಬೆಳಿಗ್ಗೆ ಬೀಳುವ ಕಾಗದಗಳೇ ಬೇರೆ. ಕಾರ್ಯಭಾರದ ಹಂಚಿಕೆಯನ್ನೇ ತೆಗೆದುಕೊಳ್ಳಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14. ಒಬ್ಬ ಪ್ರಾಧ್ಯಾಪಕ, ಒಬ್ಬ ಸಹ ಪ್ರಾಧ್ಯಾಪಕ, ಮೂವರು ಸಹಾಯಕರು ಇರುವ ವಿಭಾಗದ ಶಕ್ತಿ 76 ಗಂಟೆ. ಪಠ್ಯಕ್ರಮ ಕೇಳುವುದು 92 ಗಂಟೆಯಾದರೆ ಉಳಿದ 16ಕ್ಕೆ ಅತಿಥಿ ಉಪನ್ಯಾಸಕರ ಬೇಡಿಕೆ ಪತ್ರ ಯಾವ ತಿಂಗಳು ಹೋಗಬೇಕು, ಅದು ತಡವಾದರೆ ಯಾವ ಪತ್ರಿಕೆಯನ್ನು ಯಾರು ಹೊರಬೇಕು? ಈ ಲೆಕ್ಕ ಗೊತ್ತಿಲ್ಲದ ಅಧ್ಯಕ್ಷರ ತಂಡಸ್ಫೂರ್ತಿ ಮೊದಲ ವೇಳಾಪಟ್ಟಿ ಸಭೆಯಲ್ಲೇ ಆರಿಹೋಗುತ್ತದೆ.

ಕಾನೂನಿನ ವಿಷಯದಲ್ಲಿ ಕೊರತೆ ಇನ್ನೂ ದುಬಾರಿ. ವಿದ್ಯಾರ್ಥಿನಿಯೊಬ್ಬಳು ಲೈಂಗಿಕ ಕಿರುಕುಳದ ದೂರು ತಂದರೆ, ಇಬ್ಬರನ್ನೂ ಕರೆಸಿ ‘ರಾಜಿ’ ಮಾಡಿಸಲು ಹೊರಡುವ ಅಧ್ಯಕ್ಷರು ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂದುಕೊಂಡಿರುತ್ತಾರೆ. 2013ರ ಕಾಯ್ದೆಯಂತೆ ರಾಜಿಯ ಪ್ರಯತ್ನ ದೂರುದಾರರೇ ಕೋರಿದರೆ ಮಾತ್ರ, ಅದೂ ಆಂತರಿಕ ಸಮಿತಿಯ ಮೂಲಕ, ಮತ್ತು ಹಣ ಅದಕ್ಕೆ ಆಧಾರವಾಗುವಂತಿಲ್ಲ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಧ್ಯಕ್ಷರ ಕೆಲಸ ದೂರನ್ನು ತಡಮಾಡದೆ ಸಮಿತಿಗೆ ದಾಟಿಸುವುದು. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರಿಸಲು 30 ದಿನ. ಮಾಹಿತಿ ಬೇರೆ ಪ್ರಾಧಿಕಾರದ ಬಳಿ ಇದ್ದರೆ 5 ದಿನದೊಳಗೆ ವರ್ಗಾಯಿಸಬೇಕು. ಪ್ರಯೋಗಾಲಯಕ್ಕೆ ಉಪಕರಣ ಕೊಳ್ಳಲು 1999ರ ರಾಜ್ಯದ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆ, ಅಂದರೆ ಕೆಟಿಪಿಪಿ. ಖರೀದಿಯನ್ನು ತುಂಡು ತುಂಡು ಮಾಡಿ ಟೆಂಡರು ತಪ್ಪಿಸಿಕೊಂಡರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುವುದು ಸಹಿ ಹಾಕಿದವರ ಹೆಸರಿಗೆ.

ಇವನ್ನು ಉಪನ್ಯಾಸದಿಂದ ಕಲಿಸಲಾಗದು. ಇದಕ್ಕೆ ಹೇಳಿ ಮಾಡಿಸಿದ ಅಭ್ಯಾಸವೊಂದು ಆಡಳಿತ ತರಬೇತಿಯಲ್ಲಿ ಬಹಳ ಹಿಂದಿನಿಂದ ಇದೆ: ಇನ್-ಬಾಸ್ಕೆಟ್. ಒಂದು ಟ್ರೇಯಲ್ಲಿ ಹನ್ನೆರಡು ಕಾಗದ ಇಟ್ಟು ಒಂದು ಗಂಟೆ ಕೊಡುತ್ತಾರೆ: ರಜೆ ಅರ್ಜಿ, ಕುಲಸಚಿವರ ಜ್ಞಾಪನ, ಅನಾಮಧೇಯ ದೂರು, ಅಧ್ಯಯನ ಮಂಡಳಿ ಸಭೆಯ ನಡಾವಳಿ, ಮಾರ್ಚ್ ಮುಗಿಯುವ ಮುನ್ನ ಖರ್ಚಾಗಬೇಕಾದ ಅನುದಾನ. ಯಾವುದನ್ನು ಮೊದಲು ಎತ್ತಿಕೊಂಡಿರಿ, ಯಾವುದಕ್ಕೆ ನೀವೇ ಸಹಿ ಹಾಕಿದಿರಿ, ಯಾವುದನ್ನು ಮೇಲಕ್ಕೆ ಕಳಿಸಿದಿರಿ, ಏಕೆ ಎಂಬ ಚರ್ಚೆಗೆ ಇನ್ನೊಂದು ಗಂಟೆ. ಖರ್ಚು ಜೆರಾಕ್ಸ್‌ನದು ಮಾತ್ರ. ವೇಳಾಪಟ್ಟಿಯಲ್ಲಿ ಇದನ್ನು ಸೇರಿಸಿರುವ ಸಂಯೋಜಕರು ಸಿಕ್ಕರೆ ಕಣ್ಣು ಮುಚ್ಚಿ ಸೇರಬಹುದು.

ಹಿರಿಯರಿಗಾಗಿ 2018–19ರಲ್ಲಿ ‘ಲೀಪ್’ ಎಂಬ ಯೋಜನೆ ಬಂತು. ಎರಡು ವಾರ ದೇಶದಲ್ಲಿ, ಒಂದು ವಾರ ವಿದೇಶದಲ್ಲಿ; ಸರ್ಕಾರಿ ಅನುದಾನದ ಸಂಸ್ಥೆಗಳ ಎರಡನೇ ಹಂತದ ಶೈಕ್ಷಣಿಕ ಅಧಿಕಾರಿಗಳು ಅದರ ಗುರಿ. ಕುಲಪತಿಯಾಗುವ ಮುಂಚೆಯೇ ತಯಾರಿ ಕೊಡಬೇಕೆಂಬ ಆಲೋಚನೆ ಸರಿಯಾದದ್ದೇ. ಆದರೆ ಮೂರರಲ್ಲಿ ಒಂದು ವಾರವನ್ನು ಹೊರದೇಶದ ಕ್ಯಾಂಪಸ್ಸಿಗೆ ಕೊಡುವ ಬದಲು, ಚೆನ್ನಾಗಿ ನಡೆಯುತ್ತಿರುವ ನಮ್ಮದೇ ರಾಜ್ಯ ವಿಶ್ವವಿದ್ಯಾಲಯವೊಂದರ ಪರೀಕ್ಷಾಂಗ ಮತ್ತು ಹಣಕಾಸು ವಿಭಾಗದಲ್ಲಿ ಕೂರಿಸಿದ್ದರೆ ಹೆಚ್ಚು ದಕ್ಕುತ್ತಿತ್ತು.

ಬೋಧಕೇತರ ಸಿಬ್ಬಂದಿಯ ಮಾತೇ ಬೇರೆ. ಫೈಲು ನಿಜವಾಗಿ ಓಡುವುದು ದ್ವಿತೀಯ ದರ್ಜೆ ಸಹಾಯಕರು, ಅಧೀಕ್ಷಕರು, ಉಪಕುಲಸಚಿವರ ಕೈಯಲ್ಲಿ. ತರಬೇತಿಯಲ್ಲಿ ಅವರಿಗೆ ಸಿಗುವುದು ಕೊನೆಯ ಸಾಲು. ಸೇವಾ ನಿಯಮ, ಕಚೇರಿ ಕಾರ್ಯವಿಧಾನ, ಇಲಾಖಾ ವಿಚಾರಣೆಯ ಮಟ್ಟಿಗೆ ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಮತ್ತು ಜಿಲ್ಲಾ ತರಬೇತಿ ಸಂಸ್ಥೆಗಳ ಪಠ್ಯ ಹೆಚ್ಚು ನೆಲಕ್ಕೆ ಹತ್ತಿರ. ಆದರೆ ಅವು ಸರ್ಕಾರಿ ಕಚೇರಿಯನ್ನು ಕಣ್ಣಮುಂದಿಟ್ಟುಕೊಂಡವು. ಪ್ರವೇಶ, ಪರೀಕ್ಷೆ, ಅಂಕಪಟ್ಟಿಗಳೆಲ್ಲ ರಾಜ್ಯದ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ಗೆ ಬಂದ ಮೇಲೆ ಗುಮಾಸ್ತರಿಗೆ ಬೇಕಿರುವುದು, ತಪ್ಪು ನಮೂದಾದ ಆಂತರಿಕ ಅಂಕವನ್ನು ಯಾರ ಲಾಗಿನ್‌ನಲ್ಲಿ, ಯಾವ ಹಂತದವರೆಗೆ ತಿದ್ದಬಹುದು ಎಂಬಂಥ ಅಭ್ಯಾಸ. ಅದನ್ನು ಪಕ್ಕದ ಕುರ್ಚಿಯವರನ್ನು ಕೇಳಿಯೇ ಕಲಿಯುವುದು ನಡೆದಿದೆ.

ಐದು ದಿನದ ಎಫ್‌ಡಿಪಿಗಳ (ಬೋಧಕರ ಸಾಮರ್ಥ್ಯ ವೃದ್ಧಿ ಕಾರ್ಯಕ್ರಮಗಳ) ಬಗ್ಗೆ ಒಂದು ಎಚ್ಚರಿಕೆ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಆರನೇ ಮಾನದಂಡದಲ್ಲಿ ಎಷ್ಟು ಸಿಬ್ಬಂದಿ ಇಂಥ ತರಬೇತಿ ಪಡೆದರು ಎಂಬುದಕ್ಕೆ ಅಂಕವಿದೆ. ಹಾಗಾಗಿ ತಂಡದ ಭೇಟಿ ಹತ್ತಿರವಾದಂತೆ ಕಾಲೇಜುಗಳು ಎಫ್‌ಡಿಪಿ ಹೆರುತ್ತವೆ. ಫೀಡ್‌ಬ್ಯಾಕ್ ಫಾರಂ ತುಂಬಿದ ಕೂಡಲೇ ಇಮೇಲ್‌ಗೆ ಸರ್ಟಿಫಿಕೇಟು ಬಂದರೆ, ಅಲ್ಲಿ ಅಳೆದದ್ದು ಊಟ ಚೆನ್ನಾಗಿತ್ತೇ ಎಂಬುದನ್ನು ಮಾತ್ರ. ಕಲಿತದ್ದು ತರಗತಿಯಲ್ಲಿ ಬಳಕೆಯಾಯಿತೇ ಎಂದು ಆರು ತಿಂಗಳ ನಂತರ ಕೇಳುವವರು ಬಲು ಅಪರೂಪ.

ಕೊನೆಗೆ ಕಾಗದಪತ್ರ, ಏಕೆಂದರೆ ತಕರಾರು ಹೆಚ್ಚಾಗಿ ಏಳುವುದು ಇಲ್ಲೇ. ಬಡ್ತಿಯಲ್ಲಿ ವೇತನದ 10ನೇ ಹಂತದಿಂದ 11ಕ್ಕೆ ಹೋಗಲು 21 ದಿನಗಳ ಓರಿಯೆಂಟೇಶನ್, ಜೊತೆಗೆ ರಿಫ್ರೆಶರ್ ಅಥವಾ ನಿಯಮ ಒಪ್ಪಿದ ಬೇರೆ ತರಬೇತಿ ಬೇಕು. 11ರಿಂದ 12ಕ್ಕೆ ಎರಡು ವಾರದ ಎರಡು ಕೋರ್ಸ್. ಎರಡು ವಾರದ ಪ್ರತಿ ಕೋರ್ಸಿನ ಬದಲು ಒಂದು ವಾರದ ಎರಡು ನಡೆಯುತ್ತದೆ. ಸರ್ಟಿಫಿಕೇಟಿನಲ್ಲಿ ಆರಂಭ ಮತ್ತು ಮುಕ್ತಾಯದ ದಿನಾಂಕ ಎರಡೂ ಇರಲಿ. ‘ಒಂದು ವಾರ’ ಎಂದು ಬರೆದು ದಿನಾಂಕ ನಾಲ್ಕೇ ದಿನದ್ದಾದರೆ ಪರಿಶೀಲನಾ ಸಮಿತಿ ಬಿಡುವುದಿಲ್ಲ. ಅರ್ಹತೆಯ ದಿನಾಂಕ ದಾಟಿದ ಮೇಲೆ ಕೋರ್ಸ್ ಮುಗಿಸಿದರೆ ಬಡ್ತಿಯೂ ಆ ದಿನಾಂಕಕ್ಕೇ ಸರಿಯುತ್ತದೆ, ನಡುವಿನ ಬಾಕಿ ಹೋದಂತೆಯೇ. ಆನ್‌ಲೈನ್ ತರಬೇತಿಯಲ್ಲಿ ಇದ್ದ ಗಂಟೆಗಳಲ್ಲೇ ಕಾಲೇಜಿನ ಹಾಜರಿ ಪುಸ್ತಕದಲ್ಲೂ ಪಾಠ ಮಾಡಿದ ಸಹಿ ಇದ್ದರೆ ಎರಡೂ ದಾಖಲೆಗಳು ಅನುಮಾನಕ್ಕೆ ಬೀಳುತ್ತವೆ. ಮನೆಯಿಂದ ಮಾಡುವ ಕೋರ್ಸಿಗೂ ಓಓಡಿ (ಅನ್ಯ ಕಾರ್ಯ ನಿಮಿತ್ತ) ಆದೇಶ ಮಾಡಿಸಿಕೊಳ್ಳಿ. ನಿಯೋಜನೆ ಆದೇಶ, ಬಿಡುಗಡೆ ಪತ್ರ, ಹಾಜರಾತಿ ಪತ್ರ, ಮತ್ತೆ ಕರ್ತವ್ಯಕ್ಕೆ ವರದಿಯಾದ ಪತ್ರ, ಈ ನಾಲ್ಕನ್ನೂ ಸರ್ಟಿಫಿಕೇಟಿನ ಜೊತೆಗೇ ಇಟ್ಟು, ವಾಪಸಾದ ವಾರದಲ್ಲೇ ಸೇವಾ ಪುಸ್ತಕದಲ್ಲಿ ನಮೂದಿಸಿ ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶಕ್ಕೆ (ಐಕ್ಯೂಎಸಿ) ಒಂದು ಪ್ರತಿ ಕೊಡಿ.