ಖಡೇಬಜಾರಿನಲ್ಲಿ ತಗೊಂಡ ಟೇಬಲ್ ಅಲಾರಾಂ: ಫೋನ್ ಹಾಲ್‌ನಲ್ಲಿ, ಗಡಿಯಾರ ಕೋಣೆಯಲ್ಲಿ

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಮುಂದೆ ಬರೆದಿದ್ದೇನೆ.

ವಸ್ತು ತುಂಬಾ ಸಾದಾ. ಅಂಗೈಯಗಲದ ಪ್ಲಾಸ್ಟಿಕ್ ಗಡಿಯಾರ, ಒಂದು ಪೆನ್ಸಿಲ್ ಸೆಲ್, ನಾಲ್ಕು ಮುಳ್ಳು. ನಾಲ್ಕನೆಯದು ಅಲಾರಾಂ ಮುಳ್ಳು, ಕಿತ್ತಳೆ ಬಣ್ಣದ್ದು. ಬೆಳಗಾವಿ ಖಡೇಬಜಾರಿನಲ್ಲಿ ವಾಚ್ ರಿಪೇರಿ ಮಾಡುವ ಸಣ್ಣ ಅಂಗಡಿಯಲ್ಲಿ ತಗೊಂಡೆ, 300 ರೂಪಾಯಿ ಒಳಗೇ ಬಂತು. ಆನ್‌ಲೈನ್‌ನಲ್ಲೂ ಸಿಗುತ್ತವೆ, ಆದರೆ ಅಂಗಡಿಗೇ ಹೋಗಿ ತಗೊಳ್ಳಿ. ಸದ್ದು ಹೇಗಿದೆ ಅಂತ ಕಿವಿಯಿಂದಲೇ ಕೇಳಿ ನೋಡಬೇಕಾದ ವಸ್ತು ಇದು.

ಇದನ್ನು ತಗೊಂಡದ್ದು ಫೋನನ್ನು ಮಲಗುವ ಕೋಣೆಯಿಂದ ಹೊರಗೆ ಇಡೋದಕ್ಕೆ. ನಮ್ಮ ಸಭೆಯ, ಅಂದರೆ ಚರ್ಚಿನ, ಮಹಿಳಾ ಕೂಟದಲ್ಲಿ ಸತ್ಯವೇದದ (ಬೈಬಲ್) ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯ ಓದುತ್ತಿದ್ದೆವು. ಪ್ರೀತಿಯಿಂದ ಶುರುವಾಗಿ ಶಮೆದಮೆಯಲ್ಲಿ, ಅಂದರೆ ತನ್ನನ್ನು ತಾನು ಹತೋಟಿಯಲ್ಲಿ ಇಟ್ಟುಕೊಳ್ಳೋದರಲ್ಲಿ, ಮುಗಿಯುವ ಆ ಒಂಬತ್ತು ಗುಣ, ಪವಿತ್ರಾತ್ಮನಿಂದ ಬರುವ ಫಲ. ಕೊನೆಯದಕ್ಕೆ ಬಂದಾಗ ಮಾತು ಎಲ್ಲಿಗೋ ಹೋಗಲಿಲ್ಲ, ನೇರವಾಗಿ ಫೋನಿಗೇ ಬಂತು. ದಿನವೆಲ್ಲಾ ದುಡಿದು, ಪಾತ್ರೆ ತೊಳೆದು, ನಾಳೆಯ ಡಬ್ಬಿಗೆ ತರಕಾರಿ ಹೆಚ್ಚಿಟ್ಟು, ಅಂತೂ ಮಲಗೋಣ ಅಂತ ಬಂದಾಗ ಫೋನ್ ಕೈಗೆ ಬರುತ್ತದೆ, ಅಲಾರಾಂ ಇಡೋದಕ್ಕೆ ಅಂತಲೇ ಬರುತ್ತದೆ, ಆಮೇಲೆ ಒಂದು ಸ್ಟೇಟಸ್, ಒಂದು ರೀಲ್ಸ್, ಒಂದು ಸೀರೆ ಸೇಲ್, ಅಷ್ಟರಲ್ಲಿ ಹನ್ನೆರಡು. ಬೆಳಿಗ್ಗೆ ಏಳೋದು ತಡ, ಪ್ರಾರ್ಥನೆ ಒಲೆ ಮುಂದೆ ನಿಂತು ಎರಡು ಮಾತು. ಇದು ಎಷ್ಟೋ ಮನೆಗಳ ಕಥೆ, ಅಲ್ವಾ?

ಫೋನಿನಲ್ಲೇ ಟೈಮರ್ ಇದೆಯಲ್ಲ ಅಂತ ಕೇಳಬಹುದು. ಇದೆ. ಇಷ್ಟು ನಿಮಿಷ ಆದ ಮೇಲೆ ಆ್ಯಪ್ ಬಂದ್ ಆಗುತ್ತದೆ, ಐಕಾನ್ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಅದನ್ನು ತೆಗೆಯೋದೂ ಅದೇ ಫೋನಿನಲ್ಲಿ, ಅದೇ ಬೆರಳಿನಿಂದ, ಎರಡು ಸಲ ಒತ್ತಿದರೆ ಮುಗೀತು. ರಾತ್ರಿ ಹನ್ನೊಂದಕ್ಕೆ ದಣಿದ ಹೆಂಗಸಿಗೆ ಮನಸ್ಸು ಗಟ್ಟಿ ಮಾಡ್ಕೋ ಅನ್ನೋದು ಸುಮ್ನೆ ಮಾತು. ಆ ತೀರ್ಮಾನ ಸಂಜೆ ಎಂಟಕ್ಕೇ ಆಗಿರಬೇಕು. ಸತ್ಯವೇದದ ದಾನಿಯೇಲನನ್ನು ನೋಡಿ, ರಾಜನ ಊಟ ಬೇಡ ಅಂತ ಮೊದಲು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡ, ಆಮೇಲೆ ಹೋಗಿ ಅಧಿಕಾರಿಯನ್ನು ಕೇಳಿಕೊಂಡ. ನಮ್ಮ ಮನೆಯಲ್ಲಿ ಈಗ ಊಟ ಆದ ಕೂಡಲೇ ಎಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜಿಗೆ ಹೋಗುತ್ತವೆ. ರಿಂಗ್ ಮಾತ್ರ ಜೋರಾಗಿಟ್ಟಿರುತ್ತೇನೆ, ಬೈಲಹೊಂಗಲದಲ್ಲಿ ವಯಸ್ಸಾದ ಅವ್ವ ಇದ್ದಾಳೆ, ರಾತ್ರಿ ಕಾಲ್ ಬಂದರೆ ಕೇಳಬೇಕು.

ಈಗ ಗಡಿಯಾರದ ವಿಷಯ. ಅಲಾರಾಂ ಮುಳ್ಳಿನ ಮೇಲೆ ನಿಮಿಷದ ಲೆಕ್ಕ ಇಲ್ಲ. ಐದಕ್ಕೆ ಇಟ್ಟರೆ ಐದಕ್ಕೆ ಐದು ನಿಮಿಷ ಮುಂಚೆಯೋ ಹತ್ತು ನಿಮಿಷ ಆಮೇಲೆಯೋ ಬಾರಿಸಬಹುದು. ಅದಕ್ಕೆ ಅಂಗಡಿಯಲ್ಲೇ ಒಂದು ಕೆಲಸ ಮಾಡಿ. ಅಲಾರಾಂ ಮುಳ್ಳನ್ನು ಐದರ ಮೇಲೆ ನಿಲ್ಲಿಸಿ, ಹಿಂದಿನ ತಿರುಪಿನಿಂದ ದೊಡ್ಡ ಮುಳ್ಳನ್ನು ನಿಧಾನಕ್ಕೆ ತಿರುಗಿಸುತ್ತಾ ಬನ್ನಿ, ಯಾವಾಗ ಸದ್ದು ಶುರುವಾಗುತ್ತದೆ ನೋಡಿ. ಎಷ್ಟು ವ್ಯತ್ಯಾಸ ಇದೆಯೋ ಅಷ್ಟು ಹಿಂದೆ ಮುಂದೆ ಮಾಡಿಕೊಂಡರೆ ಸಾಕು. ಅಲಾರಾಂ ತಿರುಪಿನ ಪಕ್ಕ ಬಾಣದ ಗುರುತು ಇದ್ದರೆ ಆ ಕಡೆಗೇ ತಿರುಗಿಸಿ. ಮುಳ್ಳಿಗೆ ಹಚ್ಚಿರುವ ಹಸಿರು ಹೊಳಪನ್ನು ಜಾಸ್ತಿ ನಂಬಬೇಡಿ, ಬೆಳಕು ಕುಡಿದಷ್ಟು ಹೊತ್ತು ಹೊಳೆಯುತ್ತದೆ, ನಡುರಾತ್ರಿ ಹೊತ್ತಿಗೆ ಮಂಕು. ಸೆಕೆಂಡ್ ಮುಳ್ಳು ಟಿಕ್ ಟಿಕ್ ಅನ್ನುತ್ತದೆ, ನನಗೆ ಅದು ಹಿತ, ನಿಮಗೆ ಆಗದಿದ್ದರೆ ಸದ್ದಿಲ್ಲದೆ ಜಾರುವ ಮುಳ್ಳಿನದ್ದೂ ಸಿಗುತ್ತದೆ.

ಸೆಲ್ ಇಳಿಯುತ್ತಾ ಬಂದಾಗ ಮೊದಲು ಸೊರಗೋದು ಅಲಾರಾಂ ಸದ್ದು, ಮುಳ್ಳುಗಳು ಆಗಲೂ ಸರಿಯಾಗೇ ಓಡುತ್ತಿರುತ್ತವೆ. ಗಡಿಯಾರ ನಡೀತಿದೆ ಅಂತ ನಂಬಿಕೊಂಡು ಮಲಗಬೇಡಿ. ನಾನು ಡಿಸೆಂಬರ್ 31ರ ರಾತ್ರಿ ಆರಾಧನೆಗೆ ಹೊರಡುವ ಮುಂಚೆ ಹೊಸ ಸೆಲ್ ಹಾಕುತ್ತೇನೆ, ಮರೆಯೋದಿಲ್ಲ.

ಕಡಿಮೆ ಮಾಡಿದ ಸ್ಟಾರ್ ಯಾಕೆ ಅಂದರೆ ಸ್ನೂಜ್ ಬಟನ್. ತಲೆ ಮೇಲೆಯೇ ಅಷ್ಟಗಲ ಇದೆ, ಮುಟ್ಟಿದರೆ ಸದ್ದು ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಶುರು. ಏಳಿಸೋದಕ್ಕೆ ಮಾಡಿದ ಯಂತ್ರದ ಮೇಲೆ ಮಲಗಿಸುವ ಬಟನ್ ಯಾಕೆ ಬೇಕು? ಪೂರ್ತಿ ನಿಲ್ಲಿಸುವ ಸ್ವಿಚ್ ನೋಡಿದರೆ ಹಿಂದುಗಡೆ ಮೂಲೆಯಲ್ಲಿ, ಚಿಕ್ಕದು. ಮಂಚದ ಪಕ್ಕ ಇಡದೆ ಎದುರು ಗೋಡೆಯ ಕಪಾಟಿನ ಮೇಲೆ, ಸತ್ಯವೇದದ ಪಕ್ಕ ಇಡಿ. ನಿಲ್ಲಿಸೋದಕ್ಕೆ ಎದ್ದು ಹೋಗಲೇಬೇಕು, ಹೋದ ಕೈಗೆ ಸಿಗೋದು ಸತ್ಯವೇದ. ಆ್ಯಪ್‌ನಲ್ಲೂ ವಾಕ್ಯ ಓದಬಹುದು, ತಪ್ಪೇನಿಲ್ಲ. ಆದರೆ ಕೀರ್ತನೆಯ ಎರಡನೇ ಸಾಲಿಗೆ ಬರುವಷ್ಟರಲ್ಲಿ ಮೇಲಿಂದ ಯಾರದ್ದೋ ಗುಡ್ ಮಾರ್ನಿಂಗ್ ಚಿತ್ರ ಇಳಿಯುತ್ತದೆ. ಪುಸ್ತಕದಲ್ಲಿ ಆ ಕಾಟ ಇಲ್ಲ.

ಅಲಾರಾಂ ಹಿಡಿದು ಏಳೋದು ನಮ್ಮ ಸಭೆಗೆ ಹೊಸದಲ್ಲ ಅಂತ ಗೊತ್ತಾದಾಗ ತುಂಬಾ ಖುಷಿಯಾಯಿತು. ಬೆಳಗಾವಿಗೆ ಲಂಡನ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯವರು ಬಂದದ್ದು 1820ರಲ್ಲಿ, ಆ ಕೆಲಸ ಮೆಥೋಡಿಸ್ಟ್ ಅನ್ನೋ ಕ್ರೈಸ್ತ ಪಂಗಡದವರ ಕೈಗೆ ಬಂದದ್ದು 1904ರಲ್ಲಿ. ಆ ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿ, 1703ರಲ್ಲಿ ಹುಟ್ಟಿದವರು, ಪ್ರತಿ ರಾತ್ರಿ ಹನ್ನೆರಡು ಒಂದರ ಹೊತ್ತಿಗೆ ಎಚ್ಚರವಾಗಿ ನಿದ್ದೆ ಬಾರದೆ ಬಿದ್ದಿರುತ್ತಿದ್ದರಂತೆ. ಮೈಗೆ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಹಾಸಿಗೆಯಲ್ಲಿ ಇರುತ್ತಿದ್ದೇನೆ ಅಂತ ತಿಳಿದು ಒಂದು ಅಲಾರಾಂ ತರಿಸಿದರು. ಮೊದಲ ದಿನ ಏಳಕ್ಕೆ ಎದ್ದರು, ಆ ರಾತ್ರಿಯೂ ಎಚ್ಚರ. ಮರುದಿನ ಆರಕ್ಕೆ, ಆಗಲೂ ಎಚ್ಚರ. ಆಮೇಲೆ ಐದಕ್ಕೆ. ಕೊನೆಗೆ ನಾಲ್ಕಕ್ಕೆ ಎದ್ದರು, ಅವತ್ತಿಂದ ನಿದ್ದೆ ಸರಿಹೋಯಿತು, ದೇವರ ಕೃಪೆಯಿಂದ ನಾಲ್ಕಕ್ಕೇ ಏಳುತ್ತಾ ಬಂದೆ ಅಂತ ಅವರೇ ಬರೆದಿದ್ದಾರೆ. ಒಂದೊಂದೇ ಗಂಟೆ ಹಿಂದಕ್ಕೆ ತಂದದ್ದು ಗಮನಿಸಿ. ಎಂಟಕ್ಕೆ ಏಳುವವರು ನಾಳೆಯೇ ನಾಲ್ಕಕ್ಕೆ ಇಟ್ಟುಕೊಳ್ಳೋದು ಬೇಡ. ನಾಲ್ಕೇ ಆಗಬೇಕು ಅಂತಲೂ ಇಲ್ಲ. ಹಾಲು ಕುಡಿಯುವ ಮಗು ಇರುವ ತಾಯಿ, ನೈಟ್ ಡ್ಯೂಟಿ ಮುಗಿಸಿ ಬರುವ ನರ್ಸ್, ಇವರ ಬೆಳಗು ಬೇರೆ, ದೇವರಿಗೆ ಅದು ಗೊತ್ತು.

ಇನ್ನೊಂದು ವಿಷಯ ಅಂಗಡಿಯವರು ಹೇಳೋದಿಲ್ಲ. ಈ ಮುಳ್ಳಿನ ಗಡಿಯಾರಕ್ಕೆ ಬೆಳಿಗ್ಗೆ ಸಂಜೆ ಅನ್ನೋ ಭೇದ ಇಲ್ಲ, ಸ್ವಿಚ್ ಹಾಕಿಯೇ ಇದ್ದರೆ ಸಂಜೆ ಐದಕ್ಕೂ ಬಾರಿಸುತ್ತದೆ. ಕೆಲವರಿಗೆ ಇದು ತೊಂದರೆ. ನಾನು ಬೇಕಂತಲೇ ಹಾಗೆ ಬಿಟ್ಟಿದ್ದೇನೆ. ಐದು ಗಂಟೆ ನಮ್ಮ ಮನೆಯಲ್ಲಿ ಗದ್ದಲದ ಹೊತ್ತು. ಮಗಳು ಕಾಲೇಜಿನಿಂದ ಬಂದು ಬ್ಯಾಗ್ ಎಸೆಯುತ್ತಾಳೆ, ಮಗನಿಗೆ ಹಸಿವು, ಚಹಾ ಒಲೆ ಮೇಲೆ, ಅತ್ತ ನೀರು ಬಂದಿರುತ್ತದೆ, ಮಾತು ಹರಿತವಾಗೋದು ಆಗಲೇ. ಅಷ್ಟರಲ್ಲಿ ಕೋಣೆಯಿಂದ ಪೀಂ ಪೀಂ. ನಿಲ್ಲಿಸೋದಕ್ಕೆ ಒಳಗೆ ಹೋಗಲೇಬೇಕು. ಹೋದವಳು ಅಲ್ಲೇ ಒಂದು ನಿಮಿಷ ನಿಂತು 141ನೇ ಕೀರ್ತನೆಯ ಮೊದಲ ಮೂರು ವಚನ ಹೇಳುತ್ತೇನೆ. ನನ್ನ ಪ್ರಾರ್ಥನೆ ಧೂಪದಂತೆ, ಕೈಯೆತ್ತುವುದು ಸಂಜೆಯ ಕಾಣಿಕೆಯಂತೆ ಇರಲಿ ಅನ್ನುತ್ತಾನೆ ದಾವೀದ, ಅದರ ಬೆನ್ನಿಗೇ ನನ್ನ ಬಾಯಿಗೆ ಕಾವಲಿಡು ಅಂತ ಬೇಡಿಕೊಳ್ಳುತ್ತಾನೆ. ಸಂಜೆಯ ಕೀರ್ತನೆಯಲ್ಲಿ ಬಾಯಿಯ ಕಾವಲು ಬಂದಿರೋದು ಹೆಂಗಸರಿಗೆ ಎಷ್ಟು ಚೆನ್ನಾಗಿ ಅರ್ಥವಾಗುತ್ತದೆ! ಹೊರಗೆ ಬಂದು ಮಗಳಿಗೆ ಬ್ಯಾಗ್ ಎತ್ತಿಡು ಅಂತಲೇ ಹೇಳುತ್ತೇನೆ, ಆದರೆ ದನಿ ಇಳಿದಿರುತ್ತದೆ. ಮನೆಯವರಿಗೂ ಈ ವ್ಯತ್ಯಾಸ ತಿಳಿದಿದೆ.

ಇಷ್ಟೆಲ್ಲಾ ಹೊಗಳಿದರೂ ಗಡಿಯಾರ ಗಡಿಯಾರವೇ. ಶಮೆದಮೆ ಆತ್ಮನ ಫಲ, 300 ರೂಪಾಯಿಗೆ ಬರೋದಿಲ್ಲ. ಎದ್ದ ಮೇಲೆ ಮೊಣಕಾಲೂರಿ ಕೂರೋದು ನಮ್ಮ ಕೆಲಸ, ಬೆಳೆಸೋದು ಕರ್ತನ ಕೆಲಸ. ಬೆಳಗಿನ ಆ ಹೊತ್ತಿಗೆ ಅಡ್ಡ ಬರುವ ಒಂದು ವಸ್ತುವನ್ನು ಇದು ಹಾಲ್‌ಗೆ ಕಳಿಸುತ್ತದೆ, ಅಷ್ಟು ಮಾಡಿದರೆ ನನಗೆ ಸಾಕು.

ತಗೊಳ್ಳುವವರಿಗೆ: ಡಿಜಿಟಲ್ ಬೇಡ, ಕೆಂಪು ಅಂಕಿಗಳ ಬೆಳಕು ರಾತ್ರಿಯೆಲ್ಲಾ ಕಣ್ಣಿಗೆ ಹೊಡೆಯುತ್ತದೆ. ಕಿವಿ ಮಂದ ಇರುವ ಹಿರಿಯರಿಗೆ ಈ ಪೀಂ ಪೀಂ ಸಾಲದು, ಅವರಿಗೆ ಎರಡು ಬೆಲ್ ಇರುವ ಲೋಹದ್ದು ಕೊಡಿಸಿ. ಸೆಲ್ ಮುಚ್ಚಳ ಸಡಿಲ ಇದೆಯಾ ಅಂತ ನೋಡಿಯೇ ದುಡ್ಡು ಕೊಡಿ.